ಹೊಟ್ಟೆಗೆ ಕಸಿ ಕಟ್ಟಿದ ಕೈ

ನಮ್ಮ ಯಜಮಾನರ ಕೈ ತಿಂದಿದ್ದು ಪಲ್ಪರ್ ಮೆಷಿನ್ ಅಲ್ಲ. ಅವರ ಬಾಯಿ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಬಾಳ್ಳುಪೇಟೆಯ ಅಂಗಡಿಗಳ ಮುಂದೆ ಈಗ ಬೇರೆ ಬೇರೆ ಕಥೆಗಳು ಓಡಾಡುತ್ತಿವೆ. ಕರೆಂಟು ಹೆಚ್ಚುಕಮ್ಮಿ ಆಯಿತಂತೆ. ಯಾರದೋ ಕಣ್ಣು ಬಿತ್ತಂತೆ. ಆಯುಧಪೂಜೆಯ ದಿನ ಮೆಷಿನ್ನಿಗೆ ಕುಂಬಳಕಾಯಿ ಒಡೆಯಲಿಲ್ಲವಂತೆ. (ಒಡೆದಿದ್ದೇವೆ. ಅದರ ಚೂರು ಗುಡಿಸಿದವಳು ನಾನು.) ಡಿಸೆಂಬರಿನಲ್ಲಿ ನಾಲ್ಕು ವಾರ ಪತ್ರಿಕೆಯ ಈ ಜಾಗದಲ್ಲಿ ನಿಮ್ಮ ಬರಹ ಇರಲಿಲ್ಲವಲ್ಲ, ಏನಾಯಿತು ಅಜ್ಜಿ ಎಂದು ಕಾರ್ಡು ಹಾಕಿದವರಿಗೂ ಇದೇ ಉತ್ತರ.

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್. ಹಣ್ಣು ಕೊಟ್ಟರೆ ಹಣ್ಣಿನ ಸಿಪ್ಪೆ ಸುಲಿಯುತ್ತದೆ. ಕೈ ಕೊಟ್ಟರೆ ಕೈಯ ಸಿಪ್ಪೆ ಸುಲಿಯುತ್ತದೆ. ಅದಕ್ಕೇನು ಗೊತ್ತು? ಗೊತ್ತಿರಬೇಕಾದವರು ಮುಂದೆ ನಿಂತವರು. ಮುಂದೆ ನಿಂತವರು ಏನು ಮಾಡುತ್ತಿದ್ದರು? ಮಾತಾಡುತ್ತಿದ್ದರು.

ನಮ್ಮ ಯಜಮಾನರನ್ನು ಆಲೂರಿನಿಂದ ಯಸಳೂರಿನವರೆಗೆ ಕಸಿಗೌಡರು ಎಂದೇ ಕರೆಯುವುದು. ಮಾವು, ಸಪೋಟ, ಕಿತ್ತಳೆ, ಗುಲಾಬಿ, ಯಾವುದಾದರೂ ಸರಿ, ಒಂದು ಗಿಡಕ್ಕೆ ಇನ್ನೊಂದನ್ನು ಕಸಿ ಕಟ್ಟಿ ಹಿಡಿಸಿಬಿಡುತ್ತಾರೆ. ಬೇರೆಯವರು ಕಟ್ಟಿದರೆ ಒಣಗುವುದು ಇವರು ಕಟ್ಟಿದರೆ ಚಿಗುರುತ್ತದೆ. ಕೈಗುಣ ಎನ್ನುತ್ತಾರೆ ಜನ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಚಾಕು ಹರಿತ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಆದರೆ ಅವರಿಗೆ ನಂಬಿಕೆ ಇದೆ. ತಮ್ಮ ಬಲಗೈಯನ್ನು ಅವರು ನೋಡಿಕೊಳ್ಳುವ ರೀತಿಯಲ್ಲಿ ನನ್ನನ್ನು ಒಂದು ದಿನವೂ ನೋಡಿಕೊಂಡಿಲ್ಲ.

ಆವತ್ತು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಶಿವಣ್ಣ ಬಂದಿದ್ದ. ಯಸಳೂರಿನ ಹತ್ತಿರ ಯಾರೋ ಹೊಸಬ ಕಿತ್ತಳೆಗೆ ಕಸಿ ಕಟ್ಟಿದ್ದಾನಂತೆ. ಒಂದೂ ಹಿಡಿದಿಲ್ಲವಂತೆ. ಇದಕ್ಕಿಂತ ಸಂತೋಷದ ಸುದ್ದಿ ಇವರಿಗೆ ಬೇಕೆ? ಬಲಗೈಯಲ್ಲಿ ಹಣ್ಣು ತಳ್ಳುತ್ತಾ, ಎಡಗೈಯನ್ನು ಗಾಳಿಯಲ್ಲಿ ಆಡಿಸುತ್ತಾ, ಮುಖವನ್ನು ಪೂರ್ತಿ ಶಿವಣ್ಣನ ಕಡೆ ತಿರುಗಿಸಿ, "ತಲೆಕೆಳಗು ಕಟ್ಟವ್ನೆ ಕಣೋ ಶಿವಣ್ಣ! ಚಿಗುರೋ ಕಣ್ಣು ಕೆಳಿಕ್ಕೆ ಮಾಡ್ಕಂಡು ಕಟ್ಟವ್ನೆ!" ಎಂದು ನಕ್ಕರು.

ನಗು ಮುಗಿಯುವ ಮೊದಲೇ ಕೈ ಒಳಗೆ.

ಮೆಷಿನ್ ನಿಲ್ಲಿಸಿ ಕೈ ತೆಗೆದಾಗ ಬೆರಳು ಐದೂ ಇದ್ದವು. ಹೆಬ್ಬೆಟ್ಟಿನ ಬುಡದಿಂದ ಅಂಗೈ ಪೂರ್ತಿ ಚರ್ಮ ಮಾತ್ರ ಇರಲಿಲ್ಲ. ಒಳಗಿನ ಬಿಳಿ ನರ ಎಲ್ಲ ಕಾಣುತ್ತಿತ್ತು. ಶಿವಣ್ಣ ಅಲ್ಲೇ ಕುಸಿದು ಕೂತ. ನಾನು ಒಗೆದಿಟ್ಟ ಪಂಚೆ ಸುತ್ತಿ ಬಿಗಿಯಾಗಿ ಕಟ್ಟಿದೆ. ಆಮೇಲೆ ಗಂಗಮ್ಮ, ನಮ್ಮ ಪಕ್ಕದ ಮನೆಯವಳು, ಕೇಳಿದಳು, "ನಿಂಗೆ ಅಳು ಬರ್ಲಿಲ್ವೇನೇ?" ಅತ್ತರೆ ಪಂಚೆ ಕಟ್ಟುವವರು ಯಾರು? ಶಿವಣ್ಣನೇ?

ಸಕಲೇಶಪುರದಲ್ಲಿ ರಕ್ತ ನಿಲ್ಲಿಸಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಮಗ ಲೋಕೇಶ ವ್ಯಾನು ಓಡಿಸಿದ. ಶಿವಣ್ಣನೂ ಬಂದ, ತಪ್ಪು ತನ್ನದೇ ಎಂಬ ಮುಖ ಮಾಡಿಕೊಂಡು. ಪಿಯುಸಿ ಓದಿದವನು, ಇಂಗ್ಲಿಷ್ ಚೀಟಿ ಓದಲು ಇರಲಿ ಎಂದು ನಾನೂ ಸುಮ್ಮನಾದೆ. ಅದು ನನ್ನ ಮೊದಲ ತಪ್ಪು.

ವ್ಯಾನಿನಲ್ಲಿ ಚೀಟಿ ಓದಿದ ಶಿವಣ್ಣ ಗಟ್ಟಿಯಾಗಿ ಹೇಳಿಯೇಬಿಟ್ಟ: "ಪ್ಲಾಸ್ಟಿಕ್ ಸರ್ಜರಿ ಮಾಡ್ಬೇಕು ಅಂತ ಬರ್ದವ್ರೆ ಗೌಡ್ರೆ."

"ಪ್ಲಾಸ್ಟಿಕ್ಕ?" ಎಂದರು ಇವರು. ಅಷ್ಟು ನೋವಿನಲ್ಲೂ ಎದ್ದು ಕೂತರು. "ನನ್ನ ಕೈಗೆ ಪ್ಲಾಸ್ಟಿಕ್ ಹಾಕ್ತಾರಾ?"

"ಈಗಿನ ಪ್ಲಾಸ್ಟಿಕ್ ಚೆನ್ನಾಗಿರ್ತದೆ ಬಿಡಿ ಗೌಡ್ರೆ. ಬಿಸಿ ತಾಗಬಾರ್ದು, ಅಷ್ಟೇ."

ಅಲ್ಲಿಗೆ ಮುಗಿಯಿತು. ಬಿಸಿ ಕಾಫಿ ಲೋಟ ಹಿಡಿದರೆ ಅಂಗೈ ಕರಗಿ ಲೋಟಕ್ಕೆ ಅಂಟಿಕೊಳ್ಳುತ್ತದೆ ಎಂದು ಇವರು ನಿರ್ಧಾರ ಮಾಡಿಬಿಟ್ಟರು. ಘಾಟಿ ಇಳಿಯುವಷ್ಟರಲ್ಲಿ, ಒಲೆ ಮುಂದೆ ಚಳಿ ಕಾಯಿಸುವಂತಿಲ್ಲ, ಬಿಸಿನೀರು ಹೊಯ್ದುಕೊಳ್ಳುವಂತಿಲ್ಲ, ಸತ್ತ ಮೇಲೆ ಸುಡುವಾಗ ವಾಸನೆ ಬರುತ್ತದೆ ಎನ್ನುವವರೆಗೆ ಬಂದಿತ್ತು ಮಾತು. "ನಮ್ಮಲ್ಲಿ ಹೂಳೋದು ಕಣಪ್ಪ, ಸುಡಲ್ಲ," ಎಂದ ಲೋಕೇಶ. ಅಪ್ಪನಿಗೆ ಸಮಾಧಾನ ಹೇಳುವ ರೀತಿ ಅದು!

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ. ಸಣ್ಣ ವಯಸ್ಸು, ಸಣ್ಣ ಕೈ, ಗಟ್ಟಿ ಧ್ವನಿ. ಮೊದಲು ಲೋಕೇಶನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ಎಲ್ಲದಕ್ಕೂ ತಲೆ ಆಡಿಸಿದ. ಏನಂದ್ರು ಎಂದು ಕೇಳಿದೆ. "ದೊಡ್ಡ ಆಪರೇಷನ್ ಅಂತೆ ಕಣವ್ವ," ಎಂದ. ಅಷ್ಟು ಹೊತ್ತು ತಲೆ ಆಡಿಸಿ ತಿಳಿದುಕೊಂಡಿದ್ದು ಇಷ್ಟು.

ನಾನೇ ಕೇಳಿದೆ. ಅವರು ಪಾಪ, ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

"ನೋಡಿ ಅಜ್ಜಿ, ಅಂಗೈಯಲ್ಲಿ ಚರ್ಮ ಇಲ್ಲ. ಬರೀ ತೆಳು ಚರ್ಮ ಅಂಟಿಸಿದ್ರೆ ನಿಲ್ಲುದಿಲ್ಲ. ಹೊಟ್ಟೆಯ ಕೆಳಗೆ ಚರ್ಮ ಮೂರು ಬದಿ ಬಿಡಿಸ್ತೇವೆ. ಒಂದು ಬದಿ ಹೊಟ್ಟೆಗೇ ಇರ್ತದೆ. ಅದನ್ನು ಕೈಗೆ ಹೊದಿಸಿ ಹೊಲಿತೇವೆ. ಮೂರು ವಾರ ಕೈ ಹೊಟ್ಟೆಗೇ ಅಂಟಿಕೊಂಡು ಇರ್ಬೇಕು. ಆಮೇಲೆ ಕಟ್ ಮಾಡುದು. ಗೊತ್ತಾಯ್ತಾ?"

"ಮೂರು ವಾರ ಯಾಕೆ? ಹೊಟ್ಟೆ ರಕ್ತದಾಗೆ ಬದುಕಿರ್ತದೆ, ಆಮೇಲೆ ಕೈ ರಕ್ತ ಹಿಡಿತದೆ ಅಂತಾನ?" ಎಂದೆ.

ಡಾಕ್ಟರಮ್ಮ ಕಣ್ಣು ಅಗಲ ಮಾಡಿದರು. "ಹೌದು! ನಿಮಗೆ ಹೇಗೆ ಗೊತ್ತು?"

ಗೊತ್ತಿಲ್ಲದೆ ಏನು? ಸಪೋಟ ಕಸಿ ಕಟ್ಟುವುದು ಹೀಗೆಯೇ ಅಲ್ಲವೇ? ಕುಂಡದ ಗಿಡವನ್ನು ತಾಯಿಮರದ ಕೊಂಬೆಯ ಹತ್ತಿರಕ್ಕೆ ಎತ್ತಿ ಕಟ್ಟುತ್ತೇವೆ. ಎರಡರ ಸಿಪ್ಪೆಯನ್ನೂ ಹೆರೆದು, ಗಾಯಕ್ಕೆ ಗಾಯ ಸೇರಿಸಿ, ಸುತ್ತಿ ಬಿಗಿಯುತ್ತೇವೆ. ಕೊಂಬೆಯನ್ನು ತಾಯಿಯಿಂದ ಕತ್ತರಿಸುವುದಿಲ್ಲ. ತಾಯಿ ಕುಡಿಸುತ್ತಾ ಇರುತ್ತದೆ. ಕೂಡಿಕೊಂಡ ಮೇಲೆ ಕತ್ತರಿಸುತ್ತೇವೆ. ನಾಲ್ಕನೇ ಕ್ಲಾಸು ಓದಿದ ನನಗೆ ಅರ್ಥ ಆಗಿದ್ದು ಪಿಯುಸಿ ಶಿವಣ್ಣನಿಗೆ ಆಗಲಿಲ್ಲ. ಅವನು ಮೂಲೆಯಲ್ಲಿ ನಿಂತು, "ಕೈನ ಹೊಟ್ಟೆಗಾ?" ಎಂದು ತನ್ನ ಹೊಟ್ಟೆಯನ್ನೇ ಮುಟ್ಟಿಕೊಳ್ಳುತ್ತಿದ್ದ.

ಆದರೆ ಇವರು ಒಪ್ಪಬೇಕಲ್ಲ! ಮಂಚದ ಮೇಲೆ ಮಲಗಿ ಒಂದೇ ಹಟ. "ಪ್ಲಾಸ್ಟಿಕ್ ಬ್ಯಾಡ. ಕೈ ಹೋದ್ರೆ ಹೋಗ್ಲಿ. ಊರಿಗೆ ನಡಿಯೇ."

"ಪ್ಲಾಸ್ಟಿಕ್ ಹಾಕಲ್ಲ ಕಣ್ರೀ. ಕಸಿ ಕಟ್ತಾರೆ. ನಿಮ್ಮ ಕೈ ಕುಂಡದ ಗಿಡ, ನಿಮ್ಮ ಹೊಟ್ಟೆ ತಾಯಿಮರ. ಅಷ್ಟೇ."

ಇವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ಮುಖ ಅರಳಿತು.

"ಓಹೋ! ಈಗ ತಿಳಿತು ಬುಡು. ಕಸಿ ಕಟ್ಟಿದ ಮ್ಯಾಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಲ್ವಾ? ಅದ್ಕೇ ಇದುಕ್ಕೆ ಪ್ಲಾಸ್ಟಿಕ್ ಸರ್ಜರಿ ಅನ್ನೋದು! ಅಲ್ವೇನೇ?"

ನಾನು "ಹೂಂ" ಎಂದೆ.

ನೋಡಿ, ಇದು ನನ್ನ ಎರಡನೇ ತಪ್ಪು. ನರ್ಸು ಬಾಗಿಲಲ್ಲಿ ನಿಂತಿದ್ದಳು. ಲೋಕೇಶ ಹೆಬ್ಬೆಟ್ಟು ಒತ್ತಿಸುವ ಕಾಗದ ಹಿಡಿದು ನಿಂತಿದ್ದ. (ಎಡಗೈ ಹೆಬ್ಬೆಟ್ಟು. ಬಲಗೈಯಲ್ಲಿ ಒತ್ತಲು ಏನೂ ಉಳಿದಿರಲಿಲ್ಲ.) ಆ ಗಳಿಗೆಯಲ್ಲಿ ಅವರು, ಡಾಕ್ಟರಮ್ಮ ನಿನ್ನ ಅಕ್ಕನ ಮಗಳು ಅಲ್ವೇನೇ ಎಂದಿದ್ದರೂ ಹೂಂ ಎನ್ನುತ್ತಿದ್ದೆ. ಮೇಜಿನ ಮೇಲೆ ಮಲಗಿದರೆ ಸಾಕಿತ್ತು.

ಆಪರೇಷನ್ ಆಯಿತು. ಹೊರಗೆ ತಂದಾಗ ಬಲಗೈ ಹೊಟ್ಟೆಯ ಎಡಭಾಗದ ಕೆಳಗೆ ಹೊಲಿಸಿಕೊಂಡಿತ್ತು. ಜೇಬಿನಲ್ಲಿ ಏನೋ ಹುಡುಕುತ್ತಾ ಅಲ್ಲೇ ನಿದ್ದೆ ಹೋದವರ ಹಾಗೆ. ಎಂಟು ದಿನ ಇಟ್ಟುಕೊಂಡರು. ಆಮೇಲೆ ಡಾಕ್ಟರಮ್ಮ ಕರೆದು ಹೇಳಿದರು: ಮನೆಗೆ ಹೋಗಬಹುದು, ಆದರೆ ಕೈ ಎಳೆಯಬಾರದು, ತಿರುಚಬಾರದು, ಒತ್ತಬಾರದು. ಚರ್ಮಕ್ಕೆ ರಕ್ತ ಹೋಗುವ ದಾರಿ ಹೊಟ್ಟೆಗೆ ಅಂಟಿರುವ ಆ ಒಂದು ಬದಿಯೇ. ಅದು ಮುಚ್ಚಿದರೆ ಚರ್ಮ ಸಾಯುತ್ತದೆ. ಚರ್ಮ ಸತ್ತರೆ ಕೈ ಉಳಿಸುವುದು ಕಷ್ಟ.

"ಹೂಂ," ಎಂದರು ಇವರು. ನಮ್ಮ ಮನೆಯಲ್ಲಿ ಹೂಂಗೆ ಬರಗಾಲ ಇಲ್ಲ.

ಊರಿಗೆ ಬಂದದ್ದೇ ಜನ ಶುರುವಾದರು. ಕಾಯಿಲೆಯವರನ್ನು ನೋಡಲು ಹೋಗುವಾಗ ಬ್ರೆಡ್ಡು ಒಯ್ಯುವುದು ನಮ್ಮ ಕಡೆ ರೂಢಿ. ನೋಡಿ ಬಂದ ಮೇಲೆ ಬಾಯಿ ಮುಚ್ಚಿಕೊಳ್ಳುವುದು ರೂಢಿ ಇಲ್ಲ. ಒಬ್ಬರು ಹೋಗಿ ಹತ್ತು ಜನಕ್ಕೆ ಹೇಳಿದರು, ಕಸಿಗೌಡರ ಕೈ ಹೊಟ್ಟೆಗೆ ಅಂಟಿಕೊಂಡಿದೆ ಎಂದು. ಆ ಹತ್ತು ಜನವೂ ಬಂದರು. ಎಲ್ಲರಿಗೂ ಪಂಚೆ ಸರಿಸಿ ತೋರಿಸಬೇಕಂತೆ. ಇದೇನು ಪ್ರದರ್ಶನವೇ?

ನಮ್ಮ ಕಡೆ ಬರೀ "ಆಪರೇಷನ್" ಎಂದರೆ ಒಂದೇ ಆಪರೇಷನ್, ಮಕ್ಕಳಾಗದಂತೆ ಮಾಡಿಸುವುದು. ಉಳಿದದ್ದಕ್ಕೆಲ್ಲ ಹೆಸರು ಸೇರಿಸಿ ಹೇಳಬೇಕು, ಕಣ್ಣಿನ ಆಪರೇಷನ್, ಗೆಡ್ಡೆ ಆಪರೇಷನ್ ಎಂದು. ಇವರ ಬ್ಯಾಂಡೇಜು ಇದ್ದದ್ದು ಹೊಟ್ಟೆಯ ಕೆಳಗೆ. ಗಂಗಮ್ಮ ಅದನ್ನು ನೋಡಿದಳು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಲ್ವೇ, ಈ ವಯಸ್ನಾಗೆ ಗೌಡ್ರಿಗೆ ಆಪರೇಷನ್ ಯಾಕೆ ಬೇಕಿತ್ತೇ?"

"ಮೊಮ್ಮಕ್ಳು ಮೂರಾದ ಮ್ಯಾಲೆ ಬುದ್ಧಿ ಬಂತು ಕಣೇ," ಎಂದೆ.

ಅವಳು ನಂಬಿದಳು! ಮಾರನೆಯ ದಿನ ನಾಲ್ಕು ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ಬಂದರು. ನಾನು ಬಾಗಿಲು ಹಾಕಿದೆ.

ಇನ್ನು ಇವರ ವಿಷಯ. ಬಾಯಿ ತೆರೆದರೆ ಕೈ ಏಳುವ ಮನುಷ್ಯ. ಕೈ ಆಡಿಸದೆ ಮಾತು ಬರುವುದಿಲ್ಲ. ಗಿಡ ಎಷ್ಟು ಎತ್ತರ ಎಂದು ಕೇಳಿದರೆ ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ತೋರಿಸುತ್ತಾರೆ. ಶಿವಣ್ಣ ದಿನಾ ಬಂದು ಏನಾದರೂ ಕೇಳುವುದು, ಇವರ ಬಲ ಮೊಣಕೈ ಮೇಲಕ್ಕೆ ಜಿಗಿಯುವುದು, ಹೊಟ್ಟೆಯ ಚರ್ಮ ಎಳೆದು "ಅಯ್ಯಪ್ಪೋ" ಎನ್ನುವುದು. ಮೂರನೆಯ ಸಲ ನೋಡಿ, ನನ್ನ ಹಳೆಯ ಸೀರೆ ಹರಿದು ಮೊಣಕೈಯನ್ನು ಮೈಗೆ ಕಟ್ಟಿಹಾಕಿದೆ. ಶಿವಣ್ಣನಿಗೆ, ಬಂದರೆ ಬಾ, ಪ್ರಶ್ನೆ ಕೇಳಬೇಡ ಎಂದೆ. ಪ್ರಶ್ನೆ ಕೇಳದೆ ಶಿವಣ್ಣ ಏನು ಮಾಡುತ್ತಾನೆ? ಜನ ತಂದ ಬ್ರೆಡ್ಡು ತಿಂದುಕೊಂಡು ಕೂತ.

ಒಂದು ವಿಚಿತ್ರ ಕೇಳಿ. ಹೆಬ್ಬೆಟ್ಟಿನ ಬುಡದಲ್ಲಿ ಹೊದಿಸಿದ ಹೊಸ ಚರ್ಮದ ಅಂಚು ಸ್ವಲ್ಪ ಹೊರಗೆ ಕಾಣುತ್ತಿತ್ತು. ಒಂದು ದಿನ ಅಲ್ಲಿ ಇರುವೆ ಹತ್ತಿತು. ಇವರು "ಹೊಟ್ಟೆ ಕಚ್ತು, ಹೊಟ್ಟೆ ಕಚ್ತು" ಎಂದು ಕೂಗಿದರು. ಹೊಟ್ಟೆಯ ಮೇಲೆಲ್ಲ ಹುಡುಕಿದೆವು, ಇರುವೆ ಇಲ್ಲ. ಇರುವೆ ಕೂತಿದ್ದು ಕೈ ಮೇಲೆ! ಚರ್ಮ ಕೈಗೆ ಬಂದಿದೆ, ಅದರ ನರ ಮಾತ್ರ ಇನ್ನೂ ಹೊಟ್ಟೆಗೇ ಸುದ್ದಿ ಕಳಿಸುತ್ತದೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಮದುವೆಯಾಗಿ ಬಂದ ಮೇಲೂ ಎಲ್ಲ ವರದಿಯನ್ನೂ ತವರಿಗೇ ಕೊಡುವ ಹೆಣ್ಣುಮಕ್ಕಳಿಲ್ಲವೇ? ಹಾಗೆ.

ಹೀಗೆ ಆಪರೇಷನ್ ಆಗಿ ಹದಿನೈದು ದಿನ ಕಳೆಯಿತು. ನಾನು, ಆಯಿತು, ಇನ್ನೊಂದು ವಾರ ತಳ್ಳಿದರೆ ಮುಗಿಯಿತು ಎಂದುಕೊಂಡೆ.

ಹದಿನಾರನೆಯ ದಿನ ಬೆಳಿಗ್ಗೆ ಕಾಫಿ ಒಣಗಿಸುವ ಕಣಕ್ಕೆ ಹೋಗಿದ್ದೆ. ಬಿಸಿಲು ಚೆನ್ನಾಗಿತ್ತು, ಬೀಜ ಹರಡಿಸಿ ಬರಲು ಒಂದು ಗಂಟೆಯ ಮೇಲಾಯಿತು. ಒಳಗೆ ಬಂದರೆ ಇವರು ಗೋಡೆಗೆ ಒರಗಿ, ಭಾರೀ ಕೆಲಸ ಮುಗಿಸಿದವರ ಹಾಗೆ ಕೂತಿದ್ದಾರೆ. ಹಣೆಯಲ್ಲಿ ಬೆವರು. ಮುಖದಲ್ಲಿ ನಗು. ಸೊಸೆ ಜಯ ಪಕ್ಕದಲ್ಲಿ ಕತ್ತರಿ ಹಿಡಿದು ನಿಂತಿದ್ದಾಳೆ.

ಪಂಚೆಯ ಕೆಳಗಿನಿಂದ ಏನೋ ಮಿಂಚಿತು.

"ಏನ್ರೀ ಅದು?"

"ಡಾಕ್ಟ್ರು ಮರ್ತ್‌ಬುಟ್ಟಿದ್ರು ಕಣೇ," ಎಂದರು. "ಪ್ಲಾಸ್ಟಿಕ್ಕೇ ಸುತ್ತಿಲ್ಲ! ಬರೀ ಬಟ್ಟೆ ಸುತ್ತಿ ಕಳ್ಸವ್ರೆ. ಗಾಳಿ ಆಡಿ ಕಸಿ ಒಣಗಲ್ವಾ? ಸ್ಟೋರ್‌ನಾಗೆ ಕಸಿ ಪಟ್ಟಿ ಇತ್ತು. ಜಯನ ಕೈಲಿ ಸುತ್ತಿಸ್ದೆ. ಒಳ್ಳೆ ಬಿಗಿಯಾಗಿ ಸುತ್ತವ್ಳೆ ಮಗ್ಳು."

ಜಯ ಅಳುವ ಹಾಗಾದಳು. "ಮಾವ ಹೇಳಿದ್ರು ಅತ್ತೆ... ನೀವೂ ಹೂಂ ಅಂದಿದ್ರಂತೆ."

ನಿಂತ ನೆಲ ಕುಸಿಯಿತು ಎಂದೆಲ್ಲ ಬರೆಯುವುದಿಲ್ಲ. ನೆಲ ಇದ್ದಲ್ಲೇ ಇತ್ತು. ನಾನು ಪಂಚೆ ಸರಿಸಿದೆ. ಬ್ಯಾಂಡೇಜು ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ! ಹೊಟ್ಟೆಯಿಂದ ಕೈಗೆ ಹೋಗುವ ಚರ್ಮದ ಸುತ್ತ, ಸಪೋಟ ಕೊಂಬೆಗೆ ಸುತ್ತಿದಂತೆ, ಒಂದರ ಮೇಲೊಂದು ಪ್ಲಾಸ್ಟಿಕ್ ಸುತ್ತು. ಒಳಗಿನ ಚರ್ಮ ನೇರಳೆ ಹಣ್ಣಿನ ಬಣ್ಣ.

ಜಯನ ಕೈಯಿಂದ ಕತ್ತರಿ ಕಿತ್ತುಕೊಂಡು ಸುತ್ತನ್ನೆಲ್ಲ ಕತ್ತರಿಸಿದೆ. ಇವರು, "ಅಯ್ಯೋ, ಹಿಡಿಯೋ ಹೊತ್ನಾಗೆ ಬಿಚ್ತಾಳಲ್ಲ!" ಎಂದು ಬೈದರು. ನಾನು ತಿರುಗಿ ಬೈಯಲಿಲ್ಲ. ಬೈಯುವುದಕ್ಕೆ ಆಮೇಲೆ ಬೇಕಾದಷ್ಟು ವರ್ಷ ಇತ್ತು. ಒಗೆದ ಬಟ್ಟೆಯೊಂದನ್ನು ಮೇಲೆ ಸಡಿಲವಾಗಿ ಹೊದಿಸಿ, ಲೋಕೇಶನನ್ನು ಕೂಗಿದೆ.

ಶಿರಾಡಿ ಘಾಟಿಯ ರಸ್ತೆ ನಿಮಗೆ ಗೊತ್ತಿದೆ. ರಸ್ತೆಯಲ್ಲಿ ಗುಂಡಿ ಇದೆಯೋ ಗುಂಡಿಯಲ್ಲಿ ರಸ್ತೆ ಇದೆಯೋ ಎಂದು ಹೇಳುವುದು ಕಷ್ಟ. ಮುಂದೆ ಲಾರಿ, ಹಿಂದೆ ಲಾರಿ. ಲೋಕೇಶ ಜೋರಾಗಿ ಓಡಿಸಿದರೆ ಕೈ ಕಿತ್ತು ಬರುತ್ತದೆ. ನಿಧಾನ ಓಡಿಸಿದರೆ ಚರ್ಮ ಸಾಯುತ್ತದೆ. ಇಂಥ ಡ್ರೈವಿಂಗ್ ಯಾವ ಸ್ಕೂಲಿನಲ್ಲಿ ಕಲಿಸುತ್ತಾರೆ? ನಾನು ಇವರ ಬಲ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅವರ ಮೈಗೆ ಆನಿಸಿಕೊಂಡು ಕೂತೆ. ಮದುವೆಯಾಗಿ ನಲವತ್ತು ವರ್ಷದ ಮೇಲಾಯಿತು. ಅಷ್ಟು ಹೊತ್ತು ಅವರ ಕೈ ಹಿಡಿದಿದ್ದು ಅದೇ ಮೊದಲು. ಪ್ರೀತಿ ಗೀತಿ ಏನಲ್ಲ, ಬಿಟ್ಟರೆ ಕೆಲಸ ಕೆಡುತ್ತಿತ್ತು.

ಅರ್ಧ ಘಾಟಿಯಲ್ಲಿ ಅವರು ಮಾತು ನಿಲ್ಲಿಸಿದರು. ಅದೇ ನನಗೆ ಭಯವಾಗಿದ್ದು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು: "ಏ ಇವಳೇ. ಒಣಗೋಯ್ತೇನೇ?"

"ನಂಗೇನು ಗೊತ್ತು? ಸುಮ್ನೆ ಕೂತ್ಕಳಿ."

"ಚಾಕು ಹಿಡಿಯಕ್ಕಾಗ್ದಿದ್ರೆ ನಾನು ಏನ್ ಮಾಡ್ಲೇ?"

ಬೇರೆ ಯಾವ ಕೆಲಸವೂ ಬಾರದ ಮನುಷ್ಯ. ಕಸಿಗೌಡ ಎಂದು ಕರೆಯುವ ಜನ ನಾಳೆ ಬರೀ ಗೌಡ ಎಂದರೆ ಅವರು ತಿರುಗಿ ಕೂಡ ನೋಡುವುದಿಲ್ಲ. ನಾನು ಮೊಣಕೈ ಇನ್ನಷ್ಟು ಬಿಗಿಯಾಗಿ ಹಿಡಿದೆ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಟ್ಟೆ ತೆಗೆದು ನೋಡಿದರು. ಬೆರಳಿನಿಂದ ಚರ್ಮವನ್ನು ಒತ್ತಿ ಬಿಟ್ಟರು. ಮತ್ತೆ ಒತ್ತಿ ಬಿಟ್ಟರು. ಆಮೇಲೆ ಒಂದು ಸೂಜಿ ತೆಗೆದುಕೊಂಡು ಹೆಬ್ಬೆಟ್ಟಿನ ಬುಡದಲ್ಲಿ ಚುಚ್ಚಿದರು.

ಮೊದಲು ಕಪ್ಪು ರಕ್ತ. ನಾವೆಲ್ಲ ಅದನ್ನೇ ನೋಡುತ್ತಾ ನಿಂತೆವು. ಒರೆಸಿದರು. ಮತ್ತೆ ಕಪ್ಪು. ಒರೆಸಿದರು. ಮೂರನೆಯ ಸಲ ಬಂದಿದ್ದು ಕೆಂಪು.

"ಹೊಟ್ಟೆಗೆ ಚುಚ್ಚಿದ್ರಲ್ಲ!" ಎಂದರು ಇವರು.

"ಬದುಕಿದೆ," ಎಂದರು ಡಾಕ್ಟರಮ್ಮ. ಉಸಿರು ಬಿಟ್ಟರು. ಉಸಿರು ಬಿಟ್ಟ ಮೇಲೆ ಶುರು ಮಾಡಿದರು ನೋಡಿ! "ಎಂತದು ಮಾರಾಯ್ರೆ ಇದು? ಯಾರು ಪ್ಲಾಸ್ಟಿಕ್ ಸುತ್ತಿದ್ದು? ಇನ್ನೊಂದೆರಡು ಗಂಟೆ ಹಾಗೇ ಬಿಟ್ಟಿದ್ರೆ ಎಲ್ಲ ಕಪ್ಪಾಗಿ ಹೋಗ್ತಿತ್ತು. ನಿಮ್ಮ ಮನೆಯಲ್ಲಿ ಬುದ್ಧಿ ಇರುವವರು ಯಾರೂ ಇಲ್ವಾ?"

ಇವರು ಸ್ವಲ್ಪವೂ ಅಳುಕಲಿಲ್ಲ. "ನೀವೇ ಅಲ್ವ್ರಾ ಪ್ಲಾಸ್ಟಿಕ್ ಸರ್ಜರಿ ಅಂದಿದ್ದು? ಪ್ಲಾಸ್ಟಿಕ್ಕೇ ಸುತ್ತಿರ್ಲಿಲ್ಲ ನೀವು. ಮರ್ತಿದ್ರೇನೋ, ಸಣ್ಣೋರು, ಇರ್ಲಿ ಅಂತ ನಾನೇ ಸುತ್ತಿಸ್ದೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಕಸಿ ಪಟ್ಟಿಯ ಕಥೆ ಪೂರ್ತಿ ಹೇಳಬೇಕಾಯಿತು, ನನ್ನ ಹೂಂ ಸಮೇತ. ಕೇಳುತ್ತಾ ಕೇಳುತ್ತಾ ಅವರಿಗೆ ನಗು ತಡೆಯಲಾಗಲಿಲ್ಲ. ನರ್ಸನ್ನು ಕರೆದು ಅವಳಿಗೂ ಹೇಳಿ ನಗಿಸಿದರು. ಆಮೇಲೆ ಬಿಡಿಸಿ ಹೇಳಿದರು. ಪ್ಲಾಸ್ಟಿಕ್ ಎಂಬ ಮಾತು ನಮ್ಮ ಬಕೆಟ್ಟು ಚೊಂಬಿಗಿಂತ ಹಳೆಯದಂತೆ. ದೂರದ ಯಾವುದೋ ದೇಶದ ಹಳೆಯ ಭಾಷೆಯಲ್ಲಿ, ಮಣ್ಣನ್ನು ತಿದ್ದಿ ಆಕಾರ ಕೊಡುವುದು ಎಂದು ಅದರ ಅರ್ಥವಂತೆ. ಮೈಯನ್ನು ಹಾಗೆ ತಿದ್ದುವುದರಿಂದ ಈ ಹೆಸರಂತೆ.

ಅಲ್ಲ, ಹಾಗಾದರೆ ಹಾಗೆಂದು ಹೇಳಬಾರದೇ? ತಿದ್ದುವ ಡಾಕ್ಟರು ಎಂದು ಬೋರ್ಡು ಹಾಕಿದರೆ ಮರ್ಯಾದೆ ಕಮ್ಮಿಯಾಗುತ್ತದೆಯೇ? ನಮ್ಮ ಕಡೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಪ್ಲಾಸ್ಟಿಕ್ ಎಂದರೆ ಕೊಡ. ಇನ್ನೊಂದು ಅರ್ಥ ಇದೆ ಎಂದು ನಮಗೆ ಯಾರು ಹೇಳಿದ್ದರು?

ಆದರೆ ಅವರನ್ನು ಮಾತ್ರ ಬೈದು ಕೂರಲು ನನಗೆ ಮುಖ ಇಲ್ಲ. ಕೇಳದೆ ಇದ್ದವರು ನಾವು. ತಾಲೂಕು ಆಫೀಸಿನಲ್ಲಿ ಹೂಂ, ಬ್ಯಾಂಕಿನಲ್ಲಿ ಹೂಂ, ಔಷಧಿ ಅಂಗಡಿಯಲ್ಲಿ ಹೂಂ, ಕಾಫಿ ಬೋರ್ಡಿನ ಸಾಹೇಬರು ಬಂದು ತೋಟದಲ್ಲಿ ನಿಂತು ಏನೋ ಹೇಳಿದರೆ ಅದಕ್ಕೂ ಹೂಂ. ಅರ್ಥವಾಗಲಿಲ್ಲ ಎನ್ನಲು ನಾಚಿಕೆ. ಓದಿದವರಿಗೆ ನಮ್ಮ ಹೂಂ ಕೇಳಿಸಿದರೆ ಕೆಲಸ ಮುಗಿಯಿತು. ನಮಗೆ ಹೂಂ ಎಂದರೆ ಮನೆಗೆ ಹೋಗಬಹುದು. ಇಬ್ಬರಿಗೂ ಅನುಕೂಲ. ನಡುವೆ ಇರುವ ಕೈ ನೀಲಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ ತೊಂದರೆ.

ಉಳಿದ ದಿನ ಮನೆಗೆ ಕಳಿಸಲಿಲ್ಲ. ಅಲ್ಲೇ ಇಟ್ಟುಕೊಂಡರು. ಒಂದು ಅಂಚು ಉಗುರಿನಷ್ಟು ಕಪ್ಪಾಗಿ ಉದುರಿತು, ಉಳಿದದ್ದು ನಿಂತಿತು. ಕತ್ತರಿಸುವ ಮೊದಲು ಎರಡು ದಿನ ಡಾಕ್ಟರಮ್ಮ ಒಂದು ಮೆತ್ತಗಿನ ರಬ್ಬರ್ ಪಟ್ಟಿಯನ್ನು ಆ ಚರ್ಮಕ್ಕೆ ಸುತ್ತಿ, ಐದು ನಿಮಿಷ, ಹತ್ತು ನಿಮಿಷ ಬಿಗಿದು, ಬಣ್ಣ ನೋಡಿ ಬಿಚ್ಚುತ್ತಿದ್ದರು. ಕೈ ತನ್ನ ರಕ್ತದಲ್ಲೇ ಬದುಕುತ್ತದೆಯೇ ಎಂದು ನೋಡುವ ಪರೀಕ್ಷೆಯಂತೆ.

ಇವರು ಹಾಸಿಗೆಯಿಂದಲೇ ನನ್ನನ್ನು ಕೂಗಿದರು, "ನೋಡೇ! ಕೊನೆಗೂ ಸುತ್ತಿದ್ರಾ ಇಲ್ವಾ? ನಾನು ನಾಕು ದಿನ ಮೊದ್ಲೇ ಸುತ್ತಿದ್ದೆ, ಅಷ್ಟೇ ವ್ಯತ್ಯಾಸ!"

ಅಲ್ಲಿಂದ ಮುಂದೆ ಅವರು ರೋಗಿಯಲ್ಲ, ಮೇಷ್ಟ್ರು. ತಾಯಿಕೊಂಬೆಯನ್ನು ಒಂದೇ ಸಲ ಕತ್ತರಿಸಬಾರದು, ಮೊದಲು ಅರ್ಧ ಕಚ್ಚು ಹಾಕಬೇಕು, ಆಮೇಲೆ ಪೂರ್ತಿ ಎಂದು ಡಾಕ್ಟರಮ್ಮನಿಗೆ ಪಾಠ. ಡಾಕ್ಟರಮ್ಮ ನಿಂತು ಕೇಳಿದರು ಕೂಡ. "ನಾವೂ ಕೆಲವು ಸಲ ಹಾಗೇ ಮಾಡುದು ಗೌಡ್ರೆ," ಎಂದರು. ಈ ಒಂದು ಮಾತನ್ನು ಅವರು ಹೇಳಬಾರದಿತ್ತು. ಈಗ ನಮ್ಮ ಮನೆಗೆ ಬಂದವರೆಲ್ಲ ಅದನ್ನು ಕೇಳಿಕೊಂಡೇ ಕಾಫಿ ಕುಡಿಯಬೇಕು.

ಮೂರು ವಾರ ತುಂಬಿದ ಮೇಲೆ ಕತ್ತರಿಸಿದರು. ಕೈ ಹೊಟ್ಟೆಯಿಂದ ಬೇರೆಯಾಯಿತು. ಊರಿನಲ್ಲಿ ಹೊಸ ಚರ್ಚೆ ಹುಟ್ಟಿತು: ಇದು ಈಗ ಕೈಯೋ, ಹೊಟ್ಟೆಯೋ? ಇದರಲ್ಲಿ ಕಸಿ ಕಟ್ಟಿದರೆ ಹಿಡಿಯುತ್ತದೆಯೇ? "ಕೈಗುಣ ಹೋಯ್ತು, ಇನ್ನೇನಿದ್ರೂ ಹೊಟ್ಟೆಗುಣ," ಎಂದು ಗಂಗಮ್ಮ ತೀರ್ಪು ಕೊಟ್ಟಳು. ಇವರು ಮೂರು ದಿನ ಅವಳ ಮನೆಯ ಕಡೆ ತಿರುಗಿ ನೋಡಲಿಲ್ಲ.

ಬೆರಳು ಮಡಚುವ ವ್ಯಾಯಾಮ ಹೇಳಿಕೊಟ್ಟಿದ್ದರು. ದಿನಾ ಮಾಡಿದರು. ಬೆರಳುಗಳು ಆಡಿದವು. ಆದರೆ ತಿಂಗಳು ಕಳೆದ ಹಾಗೆ ಒಂದು ತಮಾಷೆ ಶುರುವಾಯಿತು. ಅಂಗೈಯಲ್ಲಿ ಕೂದಲು ಬಂತು! ಹೊಟ್ಟೆಯಲ್ಲಿ ಬರುವಂಥ ಕೂದಲು. ಆಮೇಲೆ ಅಂಗೈ ಉಬ್ಬತೊಡಗಿತು. ಬನ್ನು ಇಟ್ಟುಕೊಂಡ ಹಾಗೆ. ಕೊನೆಗೆ ಚಾಕುವಿನ ಹಿಡಿಯ ಸುತ್ತ ಬೆರಳು ಮುಚ್ಚದ ಸ್ಥಿತಿ ಬಂತು. ಚಾಕು ಹಿಡಿಯುತ್ತಾರೆ, ಜಾರುತ್ತದೆ. ಹಿಡಿಯುತ್ತಾರೆ, ಜಾರುತ್ತದೆ. ಮುಂಗಾರು ಶುರುವಾದರೆ ಕಸಿ ಕಟ್ಟುವ ಕಾಲ. ನಾಲ್ಕು ತೋಟದವರು ಹೇಳಿಕಳಿಸಿದ್ದರು. ಇವರು ಅಂಗಳದಲ್ಲಿ ಕೂತು, ಒಂದು ಕಾಫಿ ಕಡ್ಡಿ ಹೆರೆಯಲು ನೋಡಿ, ಆಗದೆ, ಯಾರಾದರೂ ಬಂದರೆ ಚಾಕುವನ್ನು ಪಂಚೆಯ ಕೆಳಗೆ ಸರಿಸುತ್ತಿದ್ದರು. ನಾನು ನೋಡಿದರೂ ನೋಡದ ಹಾಗೆ ಹೋಗುತ್ತಿದ್ದೆ.

ಮೊನ್ನೆ ಮಂಗಳವಾರ ಮತ್ತೆ ಘಾಟಿ ಇಳಿದೆವು.

ಡಾಕ್ಟರಮ್ಮ ಅಂಗೈಯನ್ನು ಹಿಂಡಿ ನೋಡಿದರು. ಆಮೇಲೆ ಇವರ ಹೊಟ್ಟೆಯನ್ನೂ ಹಿಂಡಿ ನೋಡಿದರು. "ಎಷ್ಟು ದಪ್ಪ ಆಗಿದ್ದೀರಿ ಮಾರಾಯ್ರೆ!"

ನಿಜ. ಐದು ತಿಂಗಳಿಂದ ಕೂತು ತಿಂದಿದ್ದಾರೆ. ಬಂದವರೆಲ್ಲ ತಿನ್ನಿಸಿದ್ದಾರೆ.

"ಇದು ಹೊಟ್ಟೆಯ ಕೊಬ್ಬು, ಗೌಡ್ರೆ. ಕೈಗೆ ಬಂದ್ರೂ ಇದಕ್ಕೆ ತಾನು ಹೊಟ್ಟೆ ಅಂತಲೇ ಲೆಕ್ಕ. ನೀವು ತಿಂದ್ರೆ ಹೊಟ್ಟೆ ಒಟ್ಟಿಗೆ ಇದೂ ಬೆಳಿತದೆ. ಹೊಟ್ಟೆ ಕರಗಿಸಿದ್ರೆ ಇದೂ ಕರಗ್ತದೆ, ಆಗ ಚಾಕು ಹಿಡಿಬಹುದು. ಇಲ್ಲದಿದ್ರೆ ಇನ್ನೊಮ್ಮೆ ಆಪರೇಷನ್ ಮಾಡಿ ಕೊಬ್ಬು ತೆಗಿಬೇಕು. ಅರ್ಥ ಆಯ್ತಾ?"

ಇವರು ಬಾಯಿ ತೆರೆದರು. ಹೂಂ ಬರುವ ಮೊದಲೇ ನಾನು ಕೇಳಿದೆ: "ಎಷ್ಟು ಕಮ್ಮಿ ತಿನ್ಬೇಕು? ಯಾವ್ದು ತಿನ್ಬಾರ್ದು? ಎಷ್ಟು ದಿನ? ಬಿಡಿಸಿ ಹೇಳಿ."

ಡಾಕ್ಟರಮ್ಮ ಬಿಡಿಸಿ ಹೇಳಿದರು. ಅರ್ಥವಾಗದ್ದನ್ನು ಎರಡನೆಯ ಸಲ ಕೇಳಿದೆ, ಎರಡನೆಯ ಸಲವೂ ಹೇಳಿದರು. ಯಾರಿಗೂ ಏನೂ ನಷ್ಟವಾಗಲಿಲ್ಲ. ಇವರು ಮಾತ್ರ ಯಾರದೋ ಸಾವಿನ ಸುದ್ದಿ ಕೇಳಿದ ಹಾಗೆ ಕೂತಿದ್ದರು. ಬರುವಾಗ ಸಕಲೇಶಪುರದಲ್ಲಿ ಹೋಟೆಲ್ ಮುಂದೆ ವ್ಯಾನು ನಿಲ್ಲಿಸು ಎಂದರು. ಲೋಕೇಶ ನನ್ನ ಮುಖ ನೋಡಿದ. ನಿಲ್ಲಿಸಲಿಲ್ಲ.

"ನಾಳೆಯಿಂದ ಕಣೇ," ಎಂದರು. "ಇವತ್ತೊಂದಿನ ಬುಟ್‌ಬುಡು."

ಮಾರನೆಯ ದಿನ ಬೆಳಿಗ್ಗೆ ಅವರಿಗೆ ನಾಲ್ಕು ಅಕ್ಕಿರೊಟ್ಟಿ ತಟ್ಟುವ ಕಡೆ ಎರಡು ತಟ್ಟಿದೆ. ಬೆಣ್ಣೆಯ ಡಬ್ಬಿಯನ್ನು ಜಯನ ಕೋಣೆಯಲ್ಲಿಟ್ಟು ಬೀಗ ಹಾಕಿಸಿದೆ. ಎರಡೂ ಮುಗಿಸಿ, "ಇನ್ನೊಂದು ಹಾಕೇ" ಎಂದು ಬಲಗೈ ಚಾಚಿದರು. ಕೇಳುತ್ತಿರುವುದು ಕೈಯೋ ಹೊಟ್ಟೆಯೋ ಎಂದು ವಿಚಾರಿಸಲು ಹೋಗಲಿಲ್ಲ, ಕಾವಲಿಯನ್ನು ಒಲೆಯಿಂದ ಕೆಳಗಿಳಿಸಿದೆ.